ವಿರುಪಾಕ್ಷಪ್ಪನ ಮಾರಿ ಕೆಂಪಾದ ದಿನ

ಡಾಕ್ಟರರು ಹೇಳಿದ್ದು ಊಟವಾದ ಮೇಲೆ ಅರ್ಧ ಗುಳಿಗೆ. ಬೇಡಕಿಹಾಳದ ವಿರುಪಾಕ್ಷಪ್ಪ ನುಂಗಿದ್ದು ಖಾಲಿ ಹೊಟ್ಟೆಯಲ್ಲಿ ನಾಲ್ಕು.

ಪೂರಾ ಅವನದೇ ತಪ್ಪು ಎನ್ನುವಂತೆಯೂ ಇರಲಿಲ್ಲ. ಬೇಸಿಗೆ ಶುರುವಾದಾಗಿನಿಂದ ಅವನ ಮುಂಗೈ ಮತ್ತು ಕೊರಳ ಸುತ್ತಲಿನ ಚರ್ಮ ಕಪ್ಪಗಾಗಿ ಸಿಪ್ಪೆ ಏಳುತ್ತಿತ್ತು. ನಾಲಿಗೆ ಹುಣ್ಣಾಗಿ, ಖಾರ ತಾಕಿದರೆ ಕೆಂಡ ಇಟ್ಟಂತಾಗುತ್ತಿತ್ತು. ಹಿಂದಿನ ದಿನ ನಿಪ್ಪಾಣಿಗೆ ಹೋಗಿ ಡಾಕ್ಟರ್ ಜ್ಞಾನದೇವ ಅವರಿಗೆ ತೋರಿಸಿದ್ದ. ಅವರು ರೋಗಿಗಳ ಸಂತೆಯ ನಡುವೆ ನಾಲಿಗೆ ನೋಡಿ, ಕೈ ನೋಡಿ, ‘ವಿಟಾಮಿನ್ ಕಡಿಮಿ ಆಗೇತಿ’ ಎಂದು ಒಂದು ಡಬ್ಬಿ ಕೊಟ್ಟು ಕಳಿಸಿದ್ದರು.

ಇವತ್ತು ನೋಡಿದರೆ ಮಂಗಸೂಳಿಯಿಂದ ಬೀಗರಾಗುವವರು ಮನೆ ನೋಡಲು ಬರುವವರಿದ್ದರು. ಮಗ ರಾವಸಾಹೇಬನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಇನ್ನು ಅವರು ಈ ಮನೆ ಒಪ್ಪುವುದಷ್ಟೇ ಬಾಕಿ. ಸಿಪ್ಪೆ ಎದ್ದ ಕೈಯಿಂದ ಬೀಗರಿಗೆ ಎಲೆ ಅಡಿಕೆ ಕೊಡುವುದು ಹೇಗೆ? ಅರ್ಧ ಗುಳಿಗೆ ನಿಧಾನಕ್ಕೆ ಗುಣ ಮಾಡುವುದಾದರೆ ನಾಲ್ಕು ಗುಳಿಗೆ ಇವತ್ತೇ ಮಾಡಲಿ ಎಂದು, ಕಬ್ಬಿಗೆ ಯೂರಿಯಾ ಸುರಿಯುವ ಧಾಟಿಯಲ್ಲಿ ಬಾಯಿಗೆ ಸುರಿದುಕೊಂಡ.

ಅಷ್ಟರಲ್ಲಿ ಜೀಪು ಬಂತು. ಹುಡುಗಿಯ ಅಪ್ಪ ಆಬಾಸಾಹೇಬ ಇಳಿದರು. ಶೆರೆ ಅಂಗಡಿ ಇರುವ ಓಣಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ಮನುಷ್ಯ. ಹಿಂದೆ ಅವರ ಹೆಂಡತಿ ಸಕ್ಕುಬಾಯಿ ಇಳಿದು, ಅಂಗಳ, ಕೊಟ್ಟಿಗೆ, ಗೋಡೆಯ ಸುಣ್ಣ ಎಲ್ಲವನ್ನೂ ಒಂದೇ ನೋಟದಲ್ಲಿ ತೂಗಿದರು. ವಿರುಪಾಕ್ಷಪ್ಪನ ಹೆಂಡತಿ ಕಸ್ತೂರೆವ್ವ ನಗುನಗುತ್ತಾ ಜಮಖಾನೆ ಹಾಸಿದಳು.

ಮಾತು ಕಬ್ಬಿನಿಂದ ದ್ರಾಕ್ಷಿಗೆ ಬರುವ ಹೊತ್ತಿಗೆ ವಿರುಪಾಕ್ಷಪ್ಪನ ಕಿವಿ ಬೆಚ್ಚಗಾದವು. ಆಮೇಲೆ ಕುತ್ತಿಗೆ, ಆಮೇಲೆ ಕೆನ್ನೆ. ಒಳಗೆ ಯಾರೋ ಒಲೆ ಹೊತ್ತಿಸಿದಂತೆ.

“ಬೀಗರ, ನಿಮ್ಮ ಮಾರಿ ಯಾಕೋ ಕೆಂಪಗಾಗಾಕತ್ತೈತಲ್ರಿ?” ಎಂದರು ಆಬಾಸಾಹೇಬ.

“ಬಿಸಲರೀ.”

“ನೆರಳಾಗ ಕುಂತೀವಲ್ರಿ.”

ವಿರುಪಾಕ್ಷಪ್ಪನಿಗೆ ಕಬ್ಬಿನ ಒಣಗರಿಯ ರವದಿಯಲ್ಲಿ ಬರಿಮೈಯಿಂದ ಉರುಳಿ ಎದ್ದಂತೆ ಮೈಯೆಲ್ಲ ತುರಿಸತೊಡಗಿತ್ತು. ಎಮ್ಮೆ ಗೂಟಕ್ಕೆ ಮೈ ಉಜ್ಜುವಂತೆ ಅವನು ಕಂಬಕ್ಕೆ ಬೆನ್ನು ಉಜ್ಜಿದ. ಮುಖ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು.

ಬೀಗರನ್ನು ನೋಡುವ ನೆಪದಲ್ಲಿ ಒಳಬಂದ ಪಕ್ಕದ ಮನೆಯ ಕಾಮಣ್ಣ ಬಾಗಿಲಲ್ಲೇ ನಿಂತುಬಿಟ್ಟ. “ಅಯ್ಯ ಶಿವನ! ಮುಂಜ ಮುಂಜಾನೆ ಏನ್ ಕುಡದಿಯೋ ಮಾರಾಯಾ?”

ಆಬಾಸಾಹೇಬರ ಕೈಯ ಚಹಾ ಬಟ್ಟಲು ಅರ್ಧ ದಾರಿಯಲ್ಲಿ ನಿಂತಿತು. ಅವರು ಬಟ್ಟಲು ಕೆಳಗಿಟ್ಟು, ಬಾಗಿ, ವಿರುಪಾಕ್ಷಪ್ಪನ ಬಾಯಿಯ ಹತ್ತಿರ ಮೂಗು ತಂದು ಉಸಿರೆಳೆದರು.

“ವಾಸನಿ ಇಲ್ಲ.”

“ಭಾರೀ ಮಾಲ್ ಇದ್ರ ವಾಸನಿ ಬರಂಗಿಲ್ಲಂತ್ರಿ. ಪೇಪರನ್ಯಾಗ ಓದೇನಿ,” ಎಂದ ಕಾಮಣ್ಣ, ಸಹಾಯ ಮಾಡುವವನಂತೆ.

“ಏ, ಬಾಯಿ ಮುಚ್ಚಲೇ! ನಾ ಜನ್ಮದಾಗ ಒಂದ ಹನಿ ಮುಟ್ಟಿಲ್ಲ. ಗುಳಿಗಿ ತಗೊಂಡೀನ್ರಿ ಬೀಗರ, ವಿಟಾಮಿನ್ ಗುಳಿಗಿ. ನೋಡ್ರಿ ಇದು!”

ಡಬ್ಬಿ ಕಾಮಣ್ಣನ ಕೈಗೆ ಬಂತು. ಅವನು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿದ. “ನಿ... ಕೋ... ಟಿ... ನಿಕ್. ಆ್ಯಸಿಡ್.” ಕನ್ನಡಕ ಮೂಗಿನ ತುದಿಗೆ ಜಾರಿತು. “ಅಯ್ಯಯ್ಯೋ! ನಿಕೋಟಿನ್ ಅಂದ್ರ ತಂಬಾಕಿನ ವಿಷ! ಆ್ಯಸಿಡ್ ಅಂದ್ರ ಟ್ರ್ಯಾಕ್ಟರ್ ಬ್ಯಾಟರ್‍ಯಾಗ ಹಾಕ್ತಾರಲ್ಲ, ಅದು! ಎಷ್ಟ ನುಂಗಿದಿ?”

“ನಾಕು.”

ಕಸ್ತೂರೆವ್ವ ಕಿಟಾರನೆ ಕಿರುಚಿದಳು. ತಂಬಾಕಿನ ಊರಾದ ನಿಪ್ಪಾಣಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ವಿರುಪಾಕ್ಷಪ್ಪನಿಗೆ ಈಗ ನಿಜಕ್ಕೂ ಎದೆ ಹೊಡೆದುಕೊಳ್ಳತೊಡಗಿತು. ಇಷ್ಟು ವರ್ಷ ಒಂದು ಎಸಳು ಬಾಯಿಗೆ ಹಾಕದವನು ಕಡೆಗೆ ಅದರ ವಿಷದಿಂದಲೇ ಸಾಯುವುದೇ?

“ವಾಂತಿ ಮಾಡಸ್ರಿ! ಸಾಬಾಣದ ನೀರ ತರ್‍ರಿ!” ಎಂದು ಕಾಮಣ್ಣ ಕೂಗಿದ. ನೀರು ಬಂತು. ಒಬ್ಬರು ಮೂಗು ಹಿಡಿದರು, ಒಬ್ಬರು ಕೈ ಹಿಡಿದರು, ಕಾಮಣ್ಣ ಸುರಿದ. ವಾಂತಿ ಬರಲಿಲ್ಲ. ‘ಬ್ಯಾಡ್ರೋ’ ಎಂದು ಬಾಯಿ ತೆರೆದರೆ ಬುಳುಬುಳು ನೊರೆ ಬಂತು.

“ಬಾಯಾಗ ನೊರಿ! ಮೂರ್ಛಿರೋಗ! ಉಳ್ಳಾಗಡ್ಡಿ ಜಜ್ಜ್ರಿ!”

ಒಡೆದ ಉಳ್ಳಾಗಡ್ಡಿ ಮೂಗಿಗೆ ಬಂತು. ಅದರ ಹಿಂದೆಯೇ ಕಾಮಣ್ಣನ ಹಳೆಯ ಚಪ್ಪಲಿಯೂ ಬಂತು. ಆಬಾಸಾಹೇಬರಿಗೆ ಇನ್ನು ತಡೆಯಲಾಗಲಿಲ್ಲ. “ಬೀಗತನ ಆಮ್ಯಾಲ. ಮೊದಲ ಜೀವ ಉಳಸೂಣು. ಎತ್ರಿ ಜೀಪಿಗೆ!” ಸಕ್ಕುಬಾಯಿ, ಕಸ್ತೂರೆವ್ವ, ಕಾಮಣ್ಣ ಎಲ್ಲರೂ ಹಿಂದೆ ಹತ್ತಿಕೊಂಡರು.

ನಿಪ್ಪಾಣಿ ಬರುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ದಾರಿಯುದ್ದಕ್ಕೂ ಗಾಳಿಗೆ ಮೈಯೊಡ್ಡಿ ಕುಳಿತ ವಿರುಪಾಕ್ಷಪ್ಪನ ತುರಿಕೆ ನಿಂತಿತು, ಕೆಂಪು ಇಳಿಯಿತು. ದವಾಖಾನೆಯ ಮೆಟ್ಟಿಲು ಹತ್ತುವಾಗ ಅವನು ಸಾಬಾಣದಲ್ಲಿ ನೆನೆದ, ಉಳ್ಳಾಗಡ್ಡಿ ನಾರುವ, ಉಳಿದಂತೆ ಸರಿಯಾಗಿರುವ ಮನುಷ್ಯನಾಗಿದ್ದ.

ಡಾಕ್ಟರರು ಕತೆ ಕೇಳಿ ಕುರ್ಚಿಗೆ ಒರಗಿ ನಕ್ಕರು.

“ಹೆಸರಷ್ಟ ತಂಬಾಕಿನ ಬೀಗತನ್ರಿ, ಇದು ವಿಟಾಮಿನ್. ಒಲಿಯಾಗ ಕಟಗಿ ಎಷ್ಟ ಒಟ್ಟಿದ್ರೇನು, ಕಡ್ಡಿ ಕೊರ್‍ಯಾವ್ರು ಬೇಕಲ್ಲ? ಉಂಡ ಊಟ ಮೈಯಾಗ ಶಕ್ತಿ ಆಗಬೇಕಾದ್ರ ಇದು ಹಂಗ ಬೇಕು. ಕಡಿಮಿ ಆತಂದ್ರ ಬಿಸಲಿಗೆ ಬಿದ್ದ ಚರ್ಮ ಕಪ್ಪಾಗತೈತಿ, ನಾಲಿಗಿ ಹುಣ್ಣಾಗತೈತಿ, ಹೊಟ್ಟಿ ಕೆಡತೈತಿ. ಬರೇ ಹೊಟ್ಯಾಗ ಹೆಚ್ಚು ನುಂಗಿದ್ರ ಚರ್ಮದಾಗಿನ ಸಣ್ಣ ರಕ್ತನಾಳ ಅಗಲಾಗಿ ಮಾರಿ ಕೆಂಪಗಾಗತೈತಿ, ತುರಸತೈತಿ. ತಾಸೊತ್ತಿಗೆ ತಾನ ಇಳೀತೈತಿ.”

ಆಬಾಸಾಹೇಬ ಎದ್ದು ವಿರುಪಾಕ್ಷಪ್ಪನ ಎರಡೂ ಕೈ ಹಿಡಿದುಕೊಂಡರು. “ಶೆರೆನೂ ಅಲ್ಲ, ತಂಬಾಕೂ ಅಲ್ಲ! ತಪ್ಪ ತಿಳ್ಕೊಂಡೆ ಬೀಗರ, ಮಾಫ್ ಮಾಡ್ರಿ.”

ವಿರುಪಾಕ್ಷಪ್ಪನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಸಂತೋಷಕ್ಕೆ, ಹೆಚ್ಚು ಉಳ್ಳಾಗಡ್ಡಿಗೆ. ಇನ್ನು ತಾರೀಖು ಹಿಡಿಯುವುದೇ ಬಾಕಿ ಎನ್ನುವಾಗ ಸಕ್ಕುಬಾಯಿ ಕೇಳಿದರು:

“ಡಾಕ್ಟರ, ಇಷ್ಟ ಹೊಲಾ, ದ್ರಾಕ್ಷಿ ತ್ವಾಟ ಇದ್ದಾವ್ರಿಗೆ ಇದು ಹೆಂಗ ಕಡಿಮಿ ಆತ್ರಿ?”

“ನಮ್ಮ ಕಡೆ ಹೆಚ್ಚಾಗಿ ಎರಡು ನಮೂನಿ ಮಂದಿಗೆ ಆಗತೈತಿ ಬಾಯಾರ. ಹಾಲಿಲ್ಲ, ಬ್ಯಾಳಿ ಇಲ್ಲ, ಶೇಂಗಾ ಇಲ್ಲ, ಬರೇ ಜ್ವಾಳದ ರೊಟ್ಟಿ ಮ್ಯಾಲ ದಿನಾ ತಗ್ಯಾವ್ರಿಗೆ. ಇಲ್ಲಾಂದ್ರ ಭಾಳ ಕುಡಿಯಾವ್ರಿಗೆ. ಇವರದು ಯಾವುದು ಅಂತ ನಿನ್ನಿ ಗದ್ದಲದಾಗ ಕೇಳಾಕ ಆಗಲಿಲ್ಲ.”

ಸಕ್ಕುಬಾಯಿ ನಿಧಾನವಾಗಿ ತಿರುಗಿ, ಸಂತೆಯಲ್ಲಿ ಎಮ್ಮೆ ನೋಡುವಂತೆ, ಕಸ್ತೂರೆವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಸತ್ಯ ವಿರುಪಾಕ್ಷಪ್ಪನ ಹೊಟ್ಟೆಗೆ ಗೊತ್ತಿತ್ತು. ಊರಿಗೆ ಡೇರಿ ಬಂದಾಗಿನಿಂದ ಮನೆಯ ಹಾಲೆಲ್ಲ ಕ್ಯಾನಿಗೆ ಹೋಗುತ್ತಿತ್ತು. ಶೇಂಗಾ ಎಣ್ಣೆ ಗಿರಣಿಗೆ, ಬೇಳೆ ಪೇಟೆಗೆ. ಕಸ್ತೂರೆವ್ವನ ಕೈಯಲ್ಲಿ ಬಂಗಾರದ ಬಳೆ ಏರುತ್ತಿದ್ದವು, ಅವನ ತಾಟಿನಲ್ಲಿ ರೊಟ್ಟಿ ಮತ್ತು ಕೆಂಪು ಖಾರ ಉಳಿದಿದ್ದವು. ಮಗ ಹೊರಗೆ ಹೋಟೆಲಿನಲ್ಲಿ ತಿಂದು ಬದುಕಿಕೊಂಡಿದ್ದ.

“ಖರೇ ಹೇಳಬೇಕಂದ್ರ ಡಾಕ್ಟರ, ನಮ್ಮನ್ಯಾಗ...” ಎಂದು ಅವನು ಬಾಯಿ ತೆರೆದ.

“ಕುಡೀತಾರ್‍ರಿ!” ಎಂದು ಕಸ್ತೂರೆವ್ವ ಸೆರಗು ಬಾಯಿಗೊತ್ತಿ ಗೋಳೋ ಎಂದಳು. “ಎಷ್ಟ ದಿನಾ ಮುಚ್ಚಿಡ್ಲೆವ್ವಾ ಸಕ್ಕುಬಾಯಿ! ತಾಟ ತುಂಬ ಹಾಲು ತುಪ್ಪ ನೀಡತೇನಿ. ಅದನ್ನ ಸರಿಸಿ ಶೆರೆ ಹಿಂದ ಹೋಗ್ತಾರ!”

ಆ್ಯಸಿಡ್ ಎಂದಾಗಲೂ ವಿರುಪಾಕ್ಷಪ್ಪ ಇಷ್ಟು ಬೆಚ್ಚಿರಲಿಲ್ಲ. ತೆರೆದ ಬಾಯಿ ತೆರೆದೇ ಉಳಿಯಿತು.

ಆಬಾಸಾಹೇಬ ಕಿಡಿಕಿಡಿಯಾಗಿ ಎದ್ದರು. “ನಡಿ, ಊರಿಗೆ!”

ಸಕ್ಕುಬಾಯಿ ಕುಳಿತಲ್ಲಿಂದ ಅಲುಗಲಿಲ್ಲ. “ಕುಂದರ್‍ರಿ ಸುಮ್ನ. ಹುಡುಗಿ ಬಾಳುದು ಅತ್ತಿ ಕೈಯಾಗ. ಕುಡಿಯೋ ಮಾವ ಒಂದ ಮೂಲ್ಯಾಗ ಬಿದ್ದಿರತಾನ. ಉಪಾಸ ಕೆಡವೋ ಅತ್ತಿ ಇದ್ದಿದ್ರ ನಾನ ಮೊದಲ ಏಳತಿದ್ದೆ. ಕಸ್ತೂರೆವ್ವ ಹಾಲು ತುಪ್ಪ ನೀಡೋ ಹೆಣಮಗಳು. ನನಗ ಮನಿ ಪಸಂತಾತು.”

ವಿರುಪಾಕ್ಷಪ್ಪ ಹೆಂಡತಿಯನ್ನು ನೋಡಿದ. ಅವಳ ಕಣ್ಣು ಸೆರಗಿನ ಮೇಲಿಂದ ‘ಮಗನ ಲಗ್ನ’ ಎಂದು ಬೇಡುತ್ತಿದ್ದವು. ಈಗ ಸತ್ಯ ನುಡಿದರೆ ಜೀಪು ಮಂಗಸೂಳಿಗೆ ಹೊರಟೇ ಬಿಡುತ್ತದೆ. ಅವನು ಬಾಯಿ ಮುಚ್ಚಿದ.

“ಒಮ್ಮೆಲೆ ಬಿಟ್ರ ಕೈ ನಡಗತಾವು. ಸಾವಕಾಶ ಬಿಡಸೂಣು,” ಎಂದು ಡಾಕ್ಟರರು ಭುಜ ತಟ್ಟಿದರು.

“ಸಾವಕಾಶ ಇಲ್ಲ, ಏನಿಲ್ಲ. ಈಗ!” ಎಂದ ಆಬಾಸಾಹೇಬ ಕಿಸೆಯಿಂದ ಒಂದು ಪುಟ್ಟ ಚೀಲ ತೆಗೆದರು. ಮಂಗಸೂಳಿ ಮಲ್ಲಯ್ಯನ ಭಂಡಾರ, ಗುಡಿಯ ಅರಿಶಿನ ಪುಡಿ. “ಮುಟ್ಟಿ ಆಣಿ ಮಾಡ್ರಿ. ಅಂದ್ರ ಲಗ್ನ.”

ವಿರುಪಾಕ್ಷಪ್ಪ ಹಳದಿ ಭಂಡಾರದ ಮೇಲೆ ಸಿಪ್ಪೆ ಎದ್ದ ಕೈ ಇಟ್ಟ. ಆ ದಿನ ದವಾಖಾನೆಯಲ್ಲಿ ಅವನು ಪೂರ್ತಿ ಆಡಿದ ಒಂದೇ ಮಾತು ಅದು, ಅದೂ ಅಪ್ಪಟ ನಿಜ: “ಒಂದ ಹನಿ ಶೆರೆ ನನ್ನ ಬಾಯಿಗೆ ಹೋಗೂದಿಲ್ರಿ.”

ಹಿಂದಿನಿಂದ ಕಾಮಣ್ಣ ನಿಟ್ಟುಸಿರು ಬಿಟ್ಟು ಡಾಕ್ಟರರ ಕಿವಿಯಲ್ಲಿ ಹೇಳಿದ: “ಕುಡಿಯಾವ್ರೆಲ್ಲಾ ಮೊದಲನೇ ದಿನಾ ಹಿಂಗ ಅಂತಾರ್‍ರಿ.”