ಊಟ ಸೇರಿದ ಟಿಕೀಟು ಮತ್ತು ನಮ್ಮ ಕಾಕು

ನಮ್ಮ ಕಾಕು ನೀರಿನ ಪಾರ್ಕಿಗೆ ಹೋಗುತ್ತಿದ್ದದ್ದು ನೀರಾಡಲಿಕ್ಕಲ್ಲ, ಜಗಳಾಡಲಿಕ್ಕೆ! ಒಂದು ಜಾರುಬಂಡಿಯನ್ನೂ ಹತ್ತದೆ, ಕಾಲಿನ ಹೆಬ್ಬೆರಳನ್ನೂ ತೋಯಿಸಿಕೊಳ್ಳದೆ, ಗೇಟಿನ ಕಾವಲುಗಾರರಿಗೆಲ್ಲ ಮುಖಪರಿಚಯವಾದ ಹೆಂಗಸು ಪುಣೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ.

ತೊಂಬತ್ತರ ದಶಕ. ಸ್ವಾರಗೇಟಿನ ಹತ್ತಿರ ಒಂದೇ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು, ನನಗಿಂತ ಚಿಕ್ಕವಳಾದ ಅವರ ಮಗಳು, ಹೀಗೆ ಏಳು ಜನ. ದೇಹೂ ರೋಡ್ ದಾಟಿದ ಮೇಲೆ ಹೊಸ ಪಾರ್ಕು ಆಗಿದೆ ಎಂದು ಕೇಳಿ, ಬೇಸಿಗೆ ರಜೆಯಲ್ಲಿ ಬಾಡಿಗೆ ವ್ಯಾನು ಮಾಡಿಕೊಂಡು ಹೊರಟೆವು. ಕಾಕುವಿನ ಚೀಲದಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಗೇಟಿನಲ್ಲಿ ಚೀಲ ಬಿಚ್ಚಿಸಿದ ಕಾವಲುಗಾರ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಊಟ ಸೇರಿದ ಟಿಕೀಟು ತೆಗೆದುಕೊಳ್ಳಿ, ಪಂಜಾಬಿ, ಚೈನೀಸು, ಇಡ್ಲಿ-ದೋಸೆ ಯಾವುದು ಬೇಕೋ ಅದು ಸಿಗುತ್ತದೆ ಎಂದ.

ಕಾಕು ವಾದ ಮಾಡಲಿಲ್ಲ. ಟಿಕೀಟಿನ ಸಾಲಿನ ಪಕ್ಕದಲ್ಲೇ ಚಾದರ ಹಾಸಿ, ಇನ್ನೂ ಹನ್ನೊಂದು ಗಂಟೆಯಾಗಿಲ್ಲ, ಏಳೂ ಜನರಿಗೆ ಮಧ್ಯಾಹ್ನದ ಊಟ ಬಡಿಸಿಬಿಟ್ಟಳು! ಸಾಲಿನಲ್ಲಿ ನಿಂತವರ ಕಣ್ಣೆಲ್ಲ ನಮ್ಮ ಎಣ್ಣೆಗಾಯಿಯ ಮೇಲೆ. ಅಪ್ಪ ನಾಚಿಕೆಯಿಂದ ಸಾಲಿಗೆ ಬೆನ್ನು ತಿರುಗಿಸಿ ಕೂತರು. ಕಾಕಾ ಮಾತ್ರ ಅಭ್ಯಾಸಬಲದಿಂದ ನಾಲ್ಕು ರೊಟ್ಟಿ ಮುಗಿಸಿದರು. ಖಾಲಿ ಡಬ್ಬಿ ವ್ಯಾನಿನಲ್ಲಿಟ್ಟು ಬಂದ ಕಾಕು ಕಾವಲುಗಾರನ ಎದುರು ನಿಂತು ಹೊಟ್ಟೆ ತೋರಿಸಿ, "ಆತಾ ತಪಾಸಾ, ದಾದಾ" ಎಂದಳು. ಈಗ ತಪಾಸಣೆ ಮಾಡು ಅಣ್ಣಾ ಎಂದರೆ ಅವನಾದರೂ ಏನು ಮಾಡಬೇಕು?

ಮರುವರ್ಷ ಕಾಕಾ ಜಾಣತನ ಮಾಡಿ, ಊಟ ಸೇರಿದ ಟಿಕೀಟನ್ನೇ ಮೊದಲು ತಂದಿಟ್ಟರು. ಕಾಕು ನಗುನಗುತ್ತಲೇ ಟಿಕೀಟು ಎಣಿಸಿ ಪರ್ಸಿಗೆ ಹಾಕಿಕೊಂಡಳು. ನಮಗೆ ಆಗಲೇ ಸಂಶಯ ಬರಬೇಕಿತ್ತು.

ಅಲ್ಲಿಯ ಊಟದ ಹಾಲಿನಲ್ಲಿ ಗೋಡೆಯ ಮೇಲೊಂದು ಕೆಂಪು ಗೆರೆ. ಅದಕ್ಕಿಂತ ಕುಳ್ಳಗಿದ್ದವರಿಗೆ ಮಕ್ಕಳ ಊಟ: ನೂಡಲ್ಸು, ಜೊತೆಗೊಂದು ಬಲೂನು. ಕಾಕು ಗೆರೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಬೆನ್ನು ಬಾಗಿದ ಅಜ್ಜಿಯನ್ನು ಕೈಹಿಡಿದು ಗೋಡೆಗೆ ನಿಲ್ಲಿಸಿದರೆ ಗೆರೆಗಿಂತ ನಾಲ್ಕು ಬೆರಳು ಕೆಳಗೇ! ಎತ್ತರ ಎಂದು ಬರೆದಿದ್ದೀರಿ, ವಯಸ್ಸು ಎಂದು ಎಲ್ಲಿ ಬರೆದಿದ್ದೀರಿ ಎಂದು ಮ್ಯಾನೇಜರನಿಗೆ ಅವಳ ಪ್ರಶ್ನೆ. ಅವನು ಸೋತ. ಅಜ್ಜಿ ನೂಡಲ್ಸು ಮುಟ್ಟಲಿಲ್ಲ, ಬಲೂನನ್ನು ಮಾತ್ರ ಮನೆ ಮುಟ್ಟುವತನಕ ಬಿಡಲಿಲ್ಲ.

ಅಷ್ಟಕ್ಕೇ ಮುಗಿಯಿತೇ? ಉಳಿದವರ ತಾಟಿನಲ್ಲಿದ್ದ ಜಾಮೂನನ್ನೆಲ್ಲ ವಾಪಸು ಕೊಟ್ಟು ಕಾಕು ಸೌತೆಕಾಯಿ ತಂದಳು. ಜಾಮೂನಿಗೆ ಬದಲು ಸೌತೆಕಾಯಿ! ಅಂದು ಅವಳನ್ನು ಮನಸಾರೆ ಶಪಿಸಿದೆ.

ಮೂರನೆಯ ಸಲ ಹೋದಾಗ ನಾನು ಕಾಲೇಜು ಸೇರಿದ್ದೆ. ಮತ್ತೆ ರೊಟ್ಟಿಯ ಚೀಲ, ಮತ್ತೆ ಗೇಟು. ಈ ಸಲ ಕಾವಲಿನ ಹೆಂಗಸು ಕಾಕುವಿನ ಪರ್ಸನ್ನೂ ತೆರೆಸಿದಳು. ಅದರೊಳಗಿಂದ ಮಡಿಸಿದ ಕಾಗದವೊಂದು ನನ್ನ ಕಾಲ ಬಳಿ ಬಿತ್ತು. ಎತ್ತಿ ಬಿಡಿಸಿದೆ. ಡಾಕ್ಟರ ಚೀಟಿ. ಈ ಹುಡುಗಿಗೆ ಸಕ್ಕರೆ ಕಾಯಿಲೆಯಿದೆ, ದಿನಾಲು ಇಂಜೆಕ್ಷನ್ ನಡೆದಿದೆ, ಹೊತ್ತಿಗೆ ಸರಿಯಾಗಿ ಮನೆಯ ಊಟವೇ ಆಗಬೇಕು, ದಯವಿಟ್ಟು ಒಳಗೆ ಒಯ್ಯಲು ಬಿಡಿ ಎಂದು ಬರೆದಿತ್ತು. ಹೆಸರು ಕಾಕುವಿನ ಮಗಳದು. ಕಾಗದ ಮಡಿಕೆಯಲ್ಲೇ ಹರಿಯುವಷ್ಟು ಹಳೆಯದಾಗಿತ್ತು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ; ಕಾಕು ದಿನಾಲು ಅವಳನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಜಡೆ ಹೆಣೆಯಲಿಕ್ಕೆ ಅಂದುಕೊಂಡಿದ್ದೆ. ಆ ತಂಗಿ ಅತ್ತ ಗೇಟಿನ ಪಕ್ಕದ ಅಂಗಡಿಯಲ್ಲಿ ನಮ್ಮಮ್ಮನ ಜೊತೆ ಈಜುಡುಗೆ ಆರಿಸುತ್ತಿದ್ದಳು. ಇದನ್ನು ತೋರಿಸಿದ್ದರೆ ಮೊದಲ ವರ್ಷವೇ ಒಳಗೆ ಬಿಡುತ್ತಿದ್ದರಲ್ಲ ಎಂದು ಕಾಕುವಿಗೆ ಮೆಲ್ಲಗೆ ಕೇಳಿದೆ.

"ಬಿಡತಿದ್ರು. ಅಕಿ ಒಬ್ಬಾಕಿ ಡಬ್ಬಿ ಬಿಡತಿದ್ರು," ಎಂದು ಕಾಕು ಚೀಟಿ ಕಸಿದುಕೊಂಡಳು. "ನೀವೆಲ್ಲಾ ಜಾಮೂನು ತಿನ್ನೂ ಮುಂದ ಅಕಿ ಒಬ್ಬಾಕಿನ ಕೂತು ರೊಟ್ಟಿ ತಿನ್ನಬೇಕೇನು? ಮಂದಿ ನನ್ನ ಜಗಳಗಂಟಿ ಅಂದ್ರ ಅನ್ನಲಿ ಬಿಡು. ನನ್ನ ಮಗಳ್ನ ಪೇಶಂಟ ಅನಬಾರದು."

ಚೀಟಿ ಪರ್ಸಿನ ತಳಕ್ಕೆ ಹೋಯಿತು. ಕಾಕು ಸೆರಗು ಸಿಕ್ಕಿಸಿಕೊಂಡು, ಕಾವಲಿನ ಹೆಂಗಸಿನೊಡನೆ ಏರಿದ ದನಿಯಲ್ಲಿ ಮರಾಠಿ ಸುರುಮಾಡಿದಳು. ನಾನೂ ಅವಳ ಪಕ್ಕಕ್ಕೆ ಹೋಗಿ ನಿಂತು, ನನ್ನ ಕನ್ನಡ ಬೆರೆತ ಮರಾಠಿಯಲ್ಲಿ ಜಗಳ ತೆಗೆದೆ.