ಉಪಮೆಯ ಉಪದ್ರವ

ಕೆಲವರಿಗೆ ಎಲೆ-ಅಡಕೆ ಚಟ, ಕೆಲವರಿಗೆ ಇಸ್ಪೀಟು. ನನಗೆ ಹೋಲಿಕೆಯ ಚಟ. ತೆಲಂಗಾಣದ ಗಡಿಯ ಮಕ್ತಲ್ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು. ‘ಬಿಸಿಲೈತಿ’ ಅಂತ ಸುಮ್ಮನೆ ಹೇಳಲು ನನ್ನ ನಾಲಿಗೆ ಒಪ್ಪುವುದಿಲ್ಲ, ‘ಕಾದ ಹಂಚಿನಂಗೈತಿ’ ಅನ್ನಲೇಬೇಕು. ಹಾಗೆ ಅನ್ನಲು ಹೋಗಿ ಆಗಾಗ ಸಿಕ್ಕಿಬೀಳುತ್ತಲೇ ಇರುತ್ತೇನೆ.

ಟಗರು

ಒಂಬತ್ತನೆಯ ತರಗತಿಯಲ್ಲಿ ಉಪಮಾಲಂಕಾರ ಹೇಳುತ್ತಿದ್ದೆ. “ನಾಯಿ ಓಡಿತು ಅಂತ ಬರದ್ರ ಅದು ಸತ್ತ ವಾಕ್ಯ. ಹೆಂಗ ಓಡಿತು? ಕಣ್ಣಿಗೆ ಕಟ್ಟಬೇಕು, ವಾಕ್ಯಕ್ಕ ಜೀವ ಬರಬೇಕು. ಪುಸ್ತಕದಾಗಿಂದು ಬ್ಯಾಡ, ನೀವು ಕಂಡದ್ದು ಹೇಳ್ರಿ,” ಅಂದೆ. ಬೋರ್ಡಿನ ಮೇಲೆ ‘ನಮ್ಮ ಸಾರು ಬಂದ್ರು’ ಅಂತ ಬರೆದು, “ಇದಕ್ಕ ಜೀವ ಕೊಡ್ರಿ,” ಅಂದೆ. ಸಿಂಹದಂತೆ ಎಂದು ಯಾರಾದರೂ ಅಂದಾರು ಎಂಬ ಆಸೆ.

ಕುರಿ ಕಾಯುವ ಮನೆತನದ ಹುಡುಗಿಯೊಬ್ಬಳು ಎದ್ದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದಿನ ದಿನವಷ್ಟೇ ನಾನು ಕಟಿಂಗ್ ಮಾಡಿಸಿದ್ದೆ.

“ಉಣ್ಣೆ ಕತ್ತರಿಸಿದ ಟಗರಿನಂಗ ನಮ್ಮ ಸಾರು ಬಂದ್ರು!”

ತರಗತಿ ಹೋ ಎಂದಿತು. ಆಕೆ ಮಾತ್ರ ನಗಲಿಲ್ಲ. “ಜೀವ ಬಂತೇನ್ರಿ ಸಾರ್?”

“ಬಂತವ್ವ, ಕೂಡು,” ಅಂದೆ. ವಾಕ್ಯಕ್ಕೆ ಬಂದಿತ್ತು, ನನ್ನದು ಹೋಗಿತ್ತು.

ಚಂದ್ರಾಮ

ಹೆಂಡತಿ ಜೋಳದ ರೊಟ್ಟಿ ಮಾಡುತ್ತಿದ್ದಳು. ತಾಟಿಗೆ ಬಿದ್ದ ರೊಟ್ಟಿ ನೋಡಿ, “ಆಹಾ, ಹುಣ್ಣಿಮಿ ಚಂದ್ರಾಮ ಬಂದು ತಾಟಿನಾಗ ಕುಂತಂಗೈತಿ!” ಅಂದೆ.

ಆಕೆ ತಟ್ಟುವುದನ್ನು ನಿಲ್ಲಿಸಿದಳು. “ಚಂದ್ರಾಮನ ಮ್ಯಾಲೆ ಕಲೆ ಇರ್ತಾವ. ರೊಟ್ಟಿ ಹೊತ್ತೈತಿ ಅಂತ ನೆಟ್ಟಗ ಹೇಳಾಕ ಏನ್ರಿ ನಿಮಗ?”

“ಹಂಗಲ್ಲ, ದುಂಡಗೈತಿ ಅಂದೆ.”

“ಅಂದ್ರ ನಿನ್ನೀವು ಸೊಟ್ಟ ಇದ್ವು?”

ರೊಟ್ಟಿ ಮುರಿದು ಉಂಡೆ. ಮರುದಿನ ಉಣ್ಣಲು ಕೂತರೆ ತಾಟಿನಲ್ಲಿ ಬರೀ ಅನ್ನ.

“ರೊಟ್ಟಿ?”

“ಇವತ್ತು ಅಮಾಸಿ,” ಅಂದಳು. “ಚಂದ್ರಾಮ ಬರಂಗಿಲ್ಲ.”

ಚೇಳು

ಗದ್ವಾಲಿಗೆ ನೆಂಟರ ಮದುವೆಗೆ ಹೋದಾಗ ನನ್ನ ಟೊಂಕ ಹಿಡಿದುಕೊಂಡಿತು. ಬಗ್ಗಿಕೊಂಡೇ ಹತ್ತಿರದ ದವಾಖಾನೆಗೆ ಹೋದೆ. ಏನಾಯಿತೆಂದು ನರ್ಸಮ್ಮ ತೆಲುಗಿನಲ್ಲಿ ಕೇಳಿದರು. ಟೊಂಕ ನೋವು ಅಂದಿದ್ದರೆ ಮುಗಿಯುತ್ತಿತ್ತು. ನನ್ನ ತೆಲುಗಿಗೂ ಒಂದಿಷ್ಟು ಜೀವ ಇರಲಿ ಎಂದು, “ತೇಲು ಕುಟ್ಟಿನಟ್ಟು ಉಂದಮ್ಮ,” ಅಂದೆ. ಚೇಳು ಕಡಿದ ಹಾಗಿದೆ ಅಂತ. ಅವರ ಕಿವಿಗೆ ಬಿದ್ದದ್ದು ಚೇಳು ಮಾತ್ರ, ‘ಹಾಗೆ’ ಬೀಳಲಿಲ್ಲ.

“ಡಾಕ್ಟರ್‌ಗಾರೂ, ತೇಲು!”

ಇಬ್ಬರು ಓಡಿಬಂದು ನನ್ನನ್ನು ಎತ್ತಿ ಮಲಗಿಸಿದರು. ಅಂಗಿ ಬಿಚ್ಚಿದರು. ಮದುವೆಗೆಂದು ಉಟ್ಟ ಹೊಸ ಧೋತರ ಸಡಿಲಿಸಿ, ಎಲ್ಲಿ ಕಡಿದಿದೆ ಎಂದು ಹುಡುಕತೊಡಗಿದರು. ಹೊರಗೆ ಕೂತಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿದರು. “ಕರೇದೋ ಕೆಂಪೋ?” ಎಂದು ಅವರಲ್ಲೊಬ್ಬ ಅಜ್ಜ ಕನ್ನಡದಲ್ಲೇ ವಿಚಾರಿಸಿದ. ಅಷ್ಟರಲ್ಲಿ ಡಾಕ್ಟರು ಸೂಜಿ ಹಿಡಿದು ಬಂದರು.

“ತೇಲು ಲೇದು ಸಾರ್!” ಎಂದು ಅರಚಿದೆ. “ಅದಿ ಉಪಮಾ! ಉಪಮಾ!”

ಡಾಕ್ಟರು ನಿಂತರು. ಸೂಜಿ ಕೆಳಗಿಟ್ಟರು. ನನ್ನ ಹೊಟ್ಟೆಯ ಮೇಲೆ ಬೆರಳಿಟ್ಟು ಟಕಟಕ ಬಡಿದು ನೋಡಿದರು. ಆಮೇಲೆ ತೆಲುಗಿನಲ್ಲಿ, ಬಹಳ ಮೆಲ್ಲಗೆ, ಎಷ್ಟು ಪ್ಲೇಟು ತಿಂದಿರಿ ಎಂದು ಕೇಳಿದರು.

ಅವತ್ತು ಮದುವೆಮನೆಯ ನಾಷ್ಟಾ ನಿಜವಾಗಿಯೂ ಉಪ್ಮಾ, ಅಂದರೆ ಉಪ್ಪಿಟ್ಟೇ ಆಗಿತ್ತು. “ರೆಂಡು,” ಅಂದೆ, ಎರಡು ಬೆರಳು ತೋರಿಸಿ.

ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ನಾಚಿಕೆಯ ಮಾತೆಂದರೆ, ಸಂಜೆಯೊಳಗೆ ಟೊಂಕ ನೆಟ್ಟಗಾಯಿತು.