ದಾದಾಸಾಬ ಆರಿಸಿದ ಸಮುದ್ರ

ಯಲ್ಲಾಪುರದ ಬಸ್ ಸ್ಟ್ಯಾಂಡಿನ ಎದುರು ಚಾದಂಗಡಿ ಇಟ್ಟುಕೊಂಡಿದ್ದ ದಾದಾಸಾಬನಿಗೆ ೧೯೫೯ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಒಂದು ದಪ್ಪ ಲಕೋಟೆ ಬಂತು. ಅದು ಬರದೇ ಇದ್ದಿದ್ದರೆ ಅವನು ತನ್ನ ಪಾಡಿಗೆ ಚಾ ಕಾಸುತ್ತ, ಹಳೆಯ ಪ್ರತಾಪ ಹೇಳಿಕೊಳ್ಳುತ್ತ ಸುಖವಾಗಿ ಇರುತ್ತಿದ್ದ.

ಪ್ರತಾಪ ಇಷ್ಟೇ. ಬ್ರಿಟಿಷರ ಕಾಲದಲ್ಲಿ ಅವನು ಜಂಗಲ್ ಖಾತೆಯ ವಿಲ್ಕಿನ್ಸ್ ಸಾಹೇಬರ ಪಟ್ಟೇವಾಲನಾಗಿದ್ದ. ಸಾಹೇಬರು ಕಾಡು ತಿರುಗಲು ಹೊರಟರೆ ದಾದಾಸಾಬ ಒಂದು ದಿನ ಮೊದಲೇ ಸಾಮಾನಿನ ಬಂಡಿಯ ಸಂಗಡ ಹೋಗಿ ಡೇರೆ ಹೊಡೆಯುವ ಜಾಗ ಆರಿಸಬೇಕು. ಹನ್ನೊಂದು ವರ್ಷ ಆ ಡೇರೆಯೊಳಗೆ ಒಂದು ಹನಿ ನೀರು ನುಗ್ಗಲಿಲ್ಲ, ಒಂದು ಇರುವೆ ಸಾಹೇಬರ ಕಾಲು ಕಚ್ಚಲಿಲ್ಲ. ಈ ಸುದ್ದಿಯನ್ನು ದಾದಾಸಾಬ ಎಷ್ಟು ಸಲ ಹೇಳಿದ್ದನೆಂದರೆ ಊರಿನಲ್ಲಿ ಮನೆ ಕಟ್ಟುವವರು, ಬಾವಿ ತೋಡುವವರು ಎಲ್ಲ ಅವನನ್ನು ಒಂದು ಮಾತು ಕೇಳುವ ರೂಢಿ ಬಿದ್ದಿತ್ತು. ಅವನು ತೋರಿಸಿದ ಕಡೆ ನೀರು ಬೀಳದಿದ್ದರೆ, ಸಾಕಷ್ಟು ಆಳ ತೋಡಲಿಲ್ಲವೆಂದು ತೋಡಿದವನಿಗೇ ಬೈಗುಳ ಬೀಳುತ್ತಿತ್ತು.

ಲಕೋಟೆಯನ್ನು ಒಡೆದು ಓದಿದವರು ಶಿವಪುತ್ರಪ್ಪ ಮಾಸ್ತರು. ಹಾವೇರಿ ಕಡೆಯವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಸಾಬ್ರ, ಸಾಹೇಬರ ಮನಿಯಾಗ ಜಗಳ ಹತ್ತೇತಿ," ಎಂದರು. "ಸೂಟಿಗೆ ಮನಿ ಮಂದಿಯೆಲ್ಲ ಸಮುದ್ರದ ದಂಡಿಗೆ ಹೋಗಬೇಕಂತ. ಹೆಂಡ್ತಿ ಒಂದೂರು ಅಂತಾರ, ಮಗಳು ಇನ್ನೊಂದೂರು ಅಂತಾಳ, ಅತ್ತಿ ಮತ್ತೊಂದು. ಕಡೀಕ ಸಾಹೇಬರು ನಿಮ್ಮ ಹೆಸರು ಹೇಳ್ಯಾರ. ದಾದಾಸಾಬ ಯಾವ ಜಾಗ ಆರಸ್ತಾನೋ ಅಲ್ಲಿಗೆ ಬಾಯಿ ಮುಚಗೊಂಡು ಬರತೀವಿ ಅಂತ ಮೂರೂ ಮಂದಿ ಕಡೆ ಸಹಿ ಮಾಡಿಸ್ಯಾರ. ಇಲ್ಲಿ ನೋಡ್ರಿ, ಸಹಿ."

ದಾದಾಸಾಬ ನೋಡಿದ. ಮೂರು ಸಹಿಗಳೂ ಸಿಟ್ಟಿನಲ್ಲಿ ಹಾಕಿದ ಹಾಗೆಯೇ ಕಾಣುತ್ತಿದ್ದವು.

"ನಾಕು ಚಿತ್ರ ಇಟ್ಟಾರ. ಮೂರು ಆ ಮೂರು ಮಂದಿದು. ನಾಕನೇದು ನನ್ನ ಸ್ವಂತ ಆಸೆ, ಅದು ಆಗೂ ಮಾತಲ್ಲ, ಸುಮ್ನ ಇಟ್ಟೇನಿ ಅಂತ ಬರದಾರ. ಜಲ್ದಿ ಉತ್ತರ ಬೇಕಂತ, ಇಲ್ಲಾಂದ್ರ ಅಲ್ಲಿ ಇಳಕೊಳ್ಳಾಕ ಕೋಲಿ ಸಿಗೂದಿಲ್ಲಂತ. ನಾಕು ಗಂಟೆ ಹುಬ್ಬಳ್ಳಿ ಬಸ್ಸಿಗೆ ಟಪಾಲು ಹೊಕ್ಕೇತಿ. ಅಷ್ಟರಾಗ ಹೇಳ್ರಿ, ಬರಕೊಡ್ತೇನಿ."

ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ದಾದಾಸಾಬನ ಮುಖ ನೋಡಿದರು. ದಾದಾಸಾಬ ಚಿತ್ರಗಳನ್ನು ನೋಡಿದ. ಯಾವುದನ್ನು ಆರಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅದಕ್ಕೆ ಎರಡು ಕಾರಣಗಳಿದ್ದವು. ಆ ಎರಡು ಕಾರಣಗಳೂ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು, ಅವನು ಸಮುದ್ರವನ್ನೇ ನೋಡಿರಲಿಲ್ಲ. ಸಾಹೇಬರು ಕಾರವಾರಕ್ಕೆ ಹೋದಾಗಲೆಲ್ಲ ಇವನನ್ನು ಯಲ್ಲಾಪುರದ ಬಂಗಲೆ ಕಾಯಲು ಬಿಟ್ಟು ಹೋಗುತ್ತಿದ್ದರು. ಆದರೆ ಹೆಂಡತಿ ರಹಿಮತ್ಬಿ ಪ್ರತಿ ವರ್ಷ ಹಬ್ಬ ಮುಗಿದ ಮೇಲೆ "ಒಮ್ಮೆ ಸಮುದ್ರ ತೋರಿಸ್ರಿ" ಎಂದು ಕೇಳಿದಾಗ, "ಸಾಹೇಬರ ಜೊತೆ ಹತ್ತು ಸಲ ನೋಡಿದ್ದೇನೆ. ಬರೀ ನೀರು, ನೋಡೋದೇನಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಎರಡನೆಯದು ಇನ್ನೂ ಕೆಟ್ಟದ್ದು. ಡೇರೆಯ ಜಾಗ ಆರಿಸುತ್ತಿದ್ದವನು ಅವನಲ್ಲ. ಬಂಡಿಯ ಬಲಗಡೆಯ ಎತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ದಾದಾಸಾಬ ತಾನೇ ಬುದ್ಧಿ ಓಡಿಸಿ ಒಂದು ಚೆಂದದ ಹಳ್ಳದ ದಂಡೆ ಆರಿಸಿದ್ದ. ಬೆಳಗಾಗುವುದರೊಳಗೆ ಸಾಹೇಬರ ಬೂಟು ಅರ್ಧ ಮೈಲಿ ಕೆಳಗೆ ಸಿಕ್ಕಿತು. ಕೊರಳು ಕತ್ತರಿಸುವುದೊಂದು ಬಿಟ್ಟು ಉಳಿದದ್ದೆಲ್ಲ ಆಯಿತು. ಆದರೆ ಆ ಮಳೆಯಲ್ಲೂ ಕೆಂದ ಎಂಬ ಎತ್ತು ಮಲಗಿದ್ದ ಜಾಗ ಮಾತ್ರ ಒಣಗಿಯೇ ಇತ್ತು. ಅಂದಿನಿಂದ ದಾದಾಸಾಬ ಬುದ್ಧಿ ಓಡಿಸುವುದನ್ನು ಬಿಟ್ಟ. ಅವನು ಹೇಳಿಕೊಳ್ಳುವ ಹನ್ನೊಂದು ವರ್ಷದ ಲೆಕ್ಕ ಶುರುವಾದದ್ದು ಅಲ್ಲಿಂದ. ಹೋದ ಕಡೆ ಕೆಂದನ ಕೊರಳ ಹಗ್ಗ ಬಿಚ್ಚಿ, ಬೀಡಿ ಹಚ್ಚಿ ಕೂರುವನು. ಕೆಂದ ಮೇದು ತಿರುಗಾಡಿ ಎಲ್ಲಿ ಮಲಗುತ್ತದೋ ಅಲ್ಲಿ ಗೂಟ. ಸಾಹೇಬರು ದೇಶ ಬಿಟ್ಟ ಮರುವರ್ಷ ಕೆಂದ ಎತ್ತೂ ಸತ್ತಿತು. ದಾದಾಸಾಬ ಅದಕ್ಕಾಗಿ ಅತ್ತದ್ದನ್ನು ಜನ ಸಾಹೇಬರಿಗಾಗಿ ಅತ್ತನೆಂದು ತಿಳಿದರು.

ಈಗ ಹನ್ನೊಂದು ವರ್ಷದ ಮರ್ಯಾದೆ ನಾಲ್ಕು ಗಂಟೆಯ ಬಸ್ಸಿನ ಮೇಲೆ ನಿಂತಿತ್ತು.

ಅಷ್ಟರಲ್ಲಿ ಪಕ್ಕದ ಕಿರಾಣಿ ಅಂಗಡಿಯ ವೀರಪ್ಪನೂ ಅವನ ಹೆಂಡತಿ ಗೌರಕ್ಕನೂ ಬಂದರು. ಚಿತ್ರಗಳು ಕೈಯಿಂದ ಕೈಗೆ ಹೋದವು. ಮೂರರ ಕೆಳಗೆ ಊರಿನ ಹೆಸರು ಅಚ್ಚಾಗಿತ್ತು. ಬ್ಲ್ಯಾಕ್‌ಪೂಲ್, ಬ್ರೈಟನ್, ಸ್ಕಾರ್ಬರೋ. ನಾಲ್ಕನೆಯದರಲ್ಲಿ ಹೆಸರೂ ಇಲ್ಲ, ಜನರೂ ಇಲ್ಲ. ಮರಳು, ನೀರು, ನಾಲ್ಕು ಗಾಳಿಮರ. ಅದನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ.

"ಬ್ಲ್ಯಾಕ್‌ಪೂಲ್ ಬರಸ್ರಿ," ಎಂದ ವೀರಪ್ಪ. "ಗೋಪುರ ಎಷ್ಟೆತ್ತರ ಅದ ನೋಡ್ರಿ. ಆ ಅತ್ತಿ ಮುದಿಕಿ ತಪ್ಪಿಸಿಕೊಂಡ್ರೂ ಗುರುತು ಹಿಡದು ಬರತಾಳ."

"ಛೇ, ಸ್ಕಾರ್ಬರೋ," ಎಂದರು ಮಾಸ್ತರು. "ಗುಡ್ಡದ ಮ್ಯಾಲೆ ಕೋಟಿ ಅದ. ಮಕ್ಕಳಿಗೆ ಇತಿಹಾಸ ಗೊತ್ತಾಕ್ಕೇತಿ."

ಗೌರಕ್ಕ ಬ್ರೈಟನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಜನ ಮೈಮೇಲೆ ಅರೆಬರೆ ಬಟ್ಟೆ ಹಾಕಿಕೊಂಡು ಹಪ್ಪಳ ಹರವಿದ ಹಾಗೆ ಸಾಲಾಗಿ ಬಿದ್ದಿದ್ದರು.

"ಇವರಿಗೆ ಏನಾಗೇತಿ?" ಎಂದು ಕೇಳಿದಳು.

"ಬಿಸಿಲು ಕಾಸಕೋತಾರವ್ವ," ಎಂದರು ಮಾಸ್ತರು.

"ಅದಕ್ಕ ಅಷ್ಟು ದೂರ ಹೋಗಬೇಕ? ಇಲ್ಲಿ ನಮ್ಮ ಅಂಗಡಿ ತಗಡಿನ ಪತ್ರಾಸಿನ ಮ್ಯಾಲೆ ಹತ್ತಿದ್ರ ಆಗೂದಿಲ್ಲ?" ಎಂದು ಗೌರಕ್ಕ ಆ ಚಿತ್ರವನ್ನು ಮಗುಚಿ ಇಟ್ಟಳು.

ಹತ್ತು ಗಂಟೆಯ ಹೊತ್ತಿಗೆ ಬಸ್ಸಿಗೆ ಕಾಯುತ್ತಿದ್ದವರೂ ಸೇರಿಕೊಂಡು ಚಾದಂಗಡಿಯಲ್ಲಿ ಮೂರು ಪಕ್ಷಗಳಾದವು. ಶಿರಸಿಯ ಬಸ್ಸು ಹತ್ತಬೇಕಾದವನೊಬ್ಬ ಬ್ಲ್ಯಾಕ್‌ಪೂಲಿನ ಪರವಾಗಿ ಮಾತಾಡುತ್ತ ಬಸ್ಸು ತಪ್ಪಿಸಿಕೊಂಡು, ಅದಕ್ಕೂ ದಾದಾಸಾಬನನ್ನೇ ಬೈದ. ಹನ್ನೆರಡಕ್ಕೆ ವೀರಪ್ಪ ಮತ್ತು ಮಾಸ್ತರು ಮಾತು ಬಿಟ್ಟರು. ಇಂಗ್ಲೆಂಡಿನ ಜಗಳ ಪೂರ್ತಿಯಾಗಿ ಯಲ್ಲಾಪುರಕ್ಕೆ ಬಂದು ಇಳಿದಿತ್ತು.

"ನೀವೆಲ್ಲ ಸುಮ್ಮನಿರ್ರಿ," ಎಂದಳು ಒಳಗಿನಿಂದ ರಹಿಮತ್ಬಿ. "ನಮ್ಮ ಮನೆಯವರು ಹತ್ತು ಸಲ ಸಮುದ್ರ ನೋಡಿದವರು. ಅವರಿಗೆ ಗೊತ್ತಾಗ್ತದೆ."

ದಾದಾಸಾಬನಿಗೆ ಅಲ್ಲಿ ನಿಲ್ಲಲಾಗಲಿಲ್ಲ. "ಜಾಗ ಅಂದ್ರೆ ಗದ್ದಲದಲ್ಲಿ ಆರಿಸೋದಲ್ಲ. ಒಬ್ಬನೇ ಕೂತು ನೋಡ್ಬೇಕು," ಎಂದು ನಾಲ್ಕೂ ಚಿತ್ರ ಜೇಬಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದ.

ಅಂಗಡಿಯ ಹಿಂದೆ ನೆರೆಮನೆಯ ದುರ್ಗಮ್ಮನ ಕೊಟ್ಟಿಗೆ. ಅಲ್ಲಿ ಒಂದು ಎತ್ತು ಇತ್ತು. ಬಣ್ಣದಲ್ಲಿ ಕೆಂದನ ಹಾಗೆಯೇ ಕೆಂಪು. ಬುದ್ಧಿಯೂ ಹಾಗೆಯೇ ಇರಬಹುದೆಂದು ದಾದಾಸಾಬ ತನಗೆ ತಾನೇ ಹೇಳಿಕೊಂಡ. ದುರ್ಗಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಅವನು ಕೊಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಇಟ್ಟು, ಎತ್ತಿನ ಹಗ್ಗ ಬಿಚ್ಚಿ, ಹಳೆಯ ಪದ್ಧತಿಯಂತೆ ಬೀಡಿ ಹಚ್ಚಿ ಕುಳಿತ. ಯಾವ ಚಿತ್ರದ ಹತ್ತಿರ ಮಲಗುತ್ತದೋ ಅದೇ ಊರು.

ಎತ್ತು ಬ್ಲ್ಯಾಕ್‌ಪೂಲಿನ ಮುಂದೆ ನಿಂತಿತು. ಅದು ಮೂಸಿ ನೋಡಿ ಮುಂದೆ ಹೋಯಿತು. ಸ್ಕಾರ್ಬರೋದ ಕೋಟೆಯ ಮೇಲೆ ಕಾಲಿಟ್ಟು ದಾಟಿತು. ಬ್ರೈಟನ್ನಿಗೆ ಬಾಲ ತಿರುಗಿಸಿತು. ಕೊನೆಗೆ ನಾಲ್ಕನೆಯ ಮೂಲೆಗೆ ಹೋಗಿ ಬಹಳ ಹೊತ್ತು ನಿಂತು, ತಲೆ ಬಗ್ಗಿಸಿ, ಚಿತ್ರವನ್ನು ಬಾಯಿಗೆ ತೆಗೆದುಕೊಂಡಿತು.

ದಾದಾಸಾಬ ಓಡಿಹೋಗಿ ಅದರ ದವಡೆ ಹಿಡಿದು ಎಳೆದಾಡುವುದರೊಳಗೆ ಚಿತ್ರ ಗಂಟಲಿನಿಂದ ಕೆಳಗೆ ಇಳಿದಿತ್ತು. ಎತ್ತು ತೃಪ್ತಿಯಿಂದ ಅಲ್ಲೇ ಮಲಗಿತು.

ಅವನು ಸ್ವಲ್ಪ ಹೊತ್ತು ಅಲ್ಲೇ ಕುಳಿತು ಅಳುವ ಹಾಗಾದ. ಆಮೇಲೆ ನಿಧಾನವಾಗಿ ಸಮಾಧಾನ ಬಂತು. ಎತ್ತು ಮಲಗಿದ್ದಂತೂ ನಿಜ. ಕೆಂದ ಆರಿಸುವಾಗ ಇಷ್ಟು ಖಾತ್ರಿಯಾಗಿ ಎಂದೂ ಹೇಳಿರಲಿಲ್ಲ. ಊರಿನ ಹೆಸರು ಗೊತ್ತಿಲ್ಲದಿದ್ದರೇನಾಯಿತು, ಸಾಹೇಬರಿಗೆ ಗೊತ್ತಿರುತ್ತದೆ. ಅವನು ಉಳಿದ ಮೂರನ್ನು ಒರೆಸಿಕೊಂಡು, ಮೂರೂವರೆಗೆ ಎದೆ ಸೆಟೆಸಿ ಅಂಗಡಿಗೆ ಬಂದ.

"ಮಾಸ್ತರ್ರೇ, ಬರೀರಿ," ಎಂದ. "ಈ ಮೂರು ಜಾಗ ಬೇಡ, ಚಿತ್ರ ವಾಪಸ್ ಕಳಿಸಿದ್ದೇನೆ. ನಾಲ್ಕನೇದನ್ನ ನಾನು ಆರಿಸಿದ್ದೇನೆ. ಅಲ್ಲಿಗೇ ಹೋಗಿ."

ತನ್ನ ಊರು ಗೆಲ್ಲಲಿಲ್ಲವೆಂಬ ಬೇಸರಕ್ಕಿಂತ ಎದುರಿನವನದೂ ಗೆಲ್ಲಲಿಲ್ಲವೆಂಬ ಸಂತೋಷ ಹೆಚ್ಚಾಗಿ ವೀರಪ್ಪನೂ ಮಾಸ್ತರೂ ಮತ್ತೆ ಮಾತಾಡತೊಡಗಿದರು. "ಖರೇ ಸಾಬ್ರ, ಗದ್ದಲ ಇಲ್ಲದ ಜಾಗ. ನಮಗ್ಯಾರಿಗೂ ಹೊಳೀಲಿಲ್ಲ," ಎಂದರು ಮಾಸ್ತರು.

ಕಾಗದ ಅಂಟಿಸುವಾಗ ಮಕ್ಬೂಲನ ಲಾರಿ ಬಂದು ನಿಂತಿತು. ವಾರಕ್ಕೆರಡು ಸಲ ಕಾರವಾರಕ್ಕೆ ಮರದ ನಾಟಾ ಸಾಗಿಸುವ ಅವನೊಬ್ಬನೇ ಆ ಬೀದಿಯಲ್ಲಿ ನಿಜವಾಗಿ ಸಮುದ್ರ ಕಂಡವನು.

"ಸಮುದ್ರದ ವಿಷಯ ನನ್ನ ಕೇಳದೇ ತೀರ್ಮಾನ ಮಾಡಿದ್ರಾ? ಆ ನಾಲ್ಕನೇದು ಒಮ್ಮೆ ತೋರ್ಸಿ ಚಾಚಾ," ಎಂದ.

"ಅದನ್ನ ಭದ್ರವಾಗಿ ಒಳಗೆ ಇಟ್ಟಾಗಿದೆ," ಎಂದ ದಾದಾಸಾಬ. ಸುಳ್ಳಾಗಿರಲಿಲ್ಲ. ಟಪಾಲು ನಾಲ್ಕು ಗಂಟೆಗೆ ಹುಬ್ಬಳ್ಳಿಯ ದಾರಿ ಹಿಡಿಯಿತು. ಆ ದಿನ ದಾದಾಸಾಬ ಎಲ್ಲರಿಗೂ ಪುಕ್ಕಟೆ ಚಾ ಕೊಟ್ಟ.

ಮೇ ತಿಂಗಳಲ್ಲಿ ಉತ್ತರ ಬಂತು. ಮಾಸ್ತರು ಎಲ್ಲರ ಮುಂದೆ ನಿಂತು ಓದಿದರು. ಈ ಸಲ ಚಾ ಸೋಸುತ್ತಿದ್ದ ರಹಿಮತ್ಬಿಯೂ ಹೊರಗೆ ಬಂದು ಕಿವಿಗೊಟ್ಟಳು.

"'ದಾದಾಸಾಬ, ನೀನು ನನ್ನ ಮನಸ್ಸು ತಿಳಿದವನು,' ಅಂತ ಬರದಾರ. 'ನಾಲ್ಕನೇ ಚಿತ್ರ ನಾನೇ ತೆಗೆದ ಕಾರವಾರದ್ದು. ಬರೀ ಆಸೆಗೆ ಇಟ್ಟಿದ್ದೆ. ನೀನು ಅದನ್ನೇ ಆರಿಸಿದೆ. ಮನೆಯವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಸಹಿ ಮಾಡಿಬಿಟ್ಟಿದ್ದಾರೆ. ಡಿಸೆಂಬರಿನಲ್ಲಿ ನಾವು ನಾಲ್ವರೂ ಹಡಗಿನಲ್ಲಿ ಮುಂಬಯಿಗೆ ಬಂದು ಕಾರವಾರಕ್ಕೆ ಬರುತ್ತೇವೆ. ಬಂಗಲೆ ಬೇಡ. ಮೊದಲಿನ ಹಾಗೆ ಡೇರೆ. ಅತ್ತೆಗೆ ಎಪ್ಪತ್ತೆಂಟು ವರ್ಷ, ನೀರೂ ಇರುವೆಯೂ ಹತ್ತಿರ ಬರಬಾರದು. ಜಾಗ ನೀನೇ ಆರಿಸಬೇಕು.'"

ಮಾಸ್ತರು ಹಾಳೆ ತಿರುವಿದರು.

"'ಒಂದು ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ನಾನು ಕಾರವಾರಕ್ಕೆ ಹೋದಾಗಲೆಲ್ಲ ನಿನ್ನನ್ನು ಬಂಗಲೆ ಕಾಯಲು ಬಿಟ್ಟೆ. ಒಮ್ಮೆಯೂ ನಿನಗೆ ಸಮುದ್ರ ತೋರಿಸಲಿಲ್ಲ. ಈ ಸಲ ತೋರಿಸುತ್ತೇನೆ.'"

ದಾದಾಸಾಬ ಒಲೆಯ ಬೆಂಕಿಯನ್ನು ಬಹಳ ಶ್ರದ್ಧೆಯಿಂದ ನೋಡಿದ. ರಹಿಮತ್ಬಿ ಸೋಸುವ ಬಟ್ಟೆಯನ್ನು ಹಿಂಡಿ ಗೂಟಕ್ಕೆ ಹಾಕಿದಳು. ಅವಳಿಗೆ ಸಿಟ್ಟು ಬಂದಿತ್ತು. ಆದರೆ ಇಷ್ಟು ವರ್ಷ ಈ ಮನುಷ್ಯ ತನ್ನ ಹಾಗೆಯೇ ಸಮುದ್ರ ಕಾಣದೆ ಕೂತಿದ್ದನೆಂದು ಪಾಪವೂ ಅನ್ನಿಸಿತು.

"ಹಾಗಾದ್ರೆ ಇಬ್ಬರೂ ಹೊಸಬರೇ ಆಯ್ತು. ನಾನೂ ಬರ್ತೇನೆ. ಡೇರೆಯ ಜಾಗ ಆದ್ರೂ ನೀವೇ ಆರಿಸಿದ್ದೋ ಇಲ್ವೋ, ಅದನ್ನೂ ಕಣ್ಣಾರೆ ನೋಡ್ತೇನೆ," ಎಂದು ಟ್ರಂಕು ಇಳಿಸಲು ಒಳಗೆ ಹೋದಳು.

ದಾದಾಸಾಬ ಹಿಂಬಾಗಿಲಿನಿಂದ ನೇರವಾಗಿ ದುರ್ಗಮ್ಮನ ಕೊಟ್ಟಿಗೆಗೆ ನಡೆದ. ಅವಳು ಖಾಲಿ ನೆಲ ಗುಡಿಸುತ್ತಿದ್ದಳು.

"ದುರ್ಗಮ್ಮ, ನಿನ್ನ ಎತ್ತು ಕಾರವಾರದ ತನಕ ನಡೆದೀತಾ? ಡಿಸೆಂಬರಿಗೆ ಎಂಟು ದಿನ ಬೇಕಿತ್ತು," ಎಂದ.

"ಎಂತಕ್ಕೆ ಸಾಬ್ರೆ, ಸಾಮಾನು ಹೊರಲಿಕ್ಕಾ?"

"ಅಲ್ಲ. ಸುಮ್ಮನೆ ಬಿಟ್ಟರೆ ಸಾಕು. ಅದರ ಪಾಡಿಗೆ ಮಲಗಿಕೊಳ್ಳಲಿ."

ದುರ್ಗಮ್ಮ ಕಸಬರಿಗೆ ನಿಲ್ಲಿಸಿ ಅವನನ್ನು ನೋಡಿದಳು.

"ಅದೆಲ್ಲಿದೆ ಈಗ? ಹೋದ ವಾರ ಸಂತೆಯಲ್ಲಿ ಮಾರಿಬಿಟ್ಟೆ," ಎಂದಳು. "ಎರಡು ತಿಂಗಳಿಂದ ಕಾಗದ ತಿನ್ನೋ ಚಟ ಹತ್ತಿತ್ತು. ಮಗಳ ಲಗ್ನಪತ್ರಿಕೆ ಇಡೀ ಕಟ್ಟು ತಿಂದು ಹಾಕ್ತು. ಒಳ್ಳೇ ಎತ್ತಾಗಿತ್ತು ಸಾಬ್ರೆ. ಅದಕ್ಕೆ ಯಾರು ಕಲಿಸಿದ್ರೋ, ಅವರ ಮನೆ ಹಾಳಾಗ."